"ಪಟ್ಟಿ ತಗಿ" ಅಂದ್ರ ಏಜೆಂಟ್ ಪಟ್ಟಿನ ಅಳಿಸಿಬಿಟ್ಟದ. ಟೂಲ್ ವಿವರಣೆ ಹೆಂಗ ಬರೀಬೇಕ್ರಿ?

ತ್ವಾಟದ_ಹುಡುಗ (ತಿಕೋಟಾ, ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ.

ನಮ್ಮ ಕಾಕಾಂದು ನಾಕ ಎಕರೆ ದ್ರಾಕ್ಷಿ ಅದ. ಚಾಟ್ನಿ (ಬಳ್ಳಿ ಕತ್ತರಸೂದು) ಯಾವತ್ತ, ಎಣ್ಣಿ ಯಾವತ್ತ ಹೊಡದ್ರು, ಆಳಿನ ಪಗಾರ ಎಷ್ಟು, ಎಲ್ಲಾ ಒಂದು ನೋಟಬುಕ್ಕಿನಾಗ ಬರಕೋತ ಬಂದಾರ. ಈಗ ಕಣ್ಣು ಮಂಜಾಗ್ಯಾವ, ಬರಿಯೂದು ತ್ರಾಸ. ಅದಕ್ಕ ನಾನು ಅವರ ಫೋನಿನಾಗ ಒಂದು ಏಜೆಂಟ್ (ಹೇಳಿದ ಮಾತು ತಿಳಕೊಂಡು ತಾನ ಕೆಲಸ ಮಾಡೋ ಎಐ) ಮಾಡಿ ಕೊಟ್ಟೆ. ಬಾಯಿಲೆ ಹೇಳಿದ್ರ ಸಾಕು, ಕೆಲಸದ ಪಟ್ಟಿ ಅದ ಇಟ್ಟಕೋತದ. ಅದು ಕರದು ಬಳಸಲಿಕ್ಕ ಆರು ಟೂಲ್ ಕೊಟ್ಟೀನಿ, ಒಂದೊಂದಕ್ಕ ಏನ ಮಾಡ್ತದ ಅಂತ ವಿವರಣೆ ಬರದು: ಆಡ್_ಟಾಸ್ಕ್, ಲಿಸ್ಟ್_ಟಾಸ್ಕ್ಸ್, ಅಪ್‌ಡೇಟ್_ಟಾಸ್ಕ್, ಕಂಪ್ಲೀಟ್_ಟಾಸ್ಕ್, ಡಿಲೀಟ್_ಟಾಸ್ಕ್, ಕ್ಲಿಯರ್_ಲಿಸ್ಟ್.

ಒಣದ್ರಾಕ್ಷಿ ಹಂಗಾಮು ನಡದಿತ್ತು. ಮರುದಿನ ಕಟಾವು. ಡಿಪ್ಪಿಂಗ್ ಆಯಿಲ್ ತರೂದು, ಪೊಟ್ಯಾಸಿಯಂ ಕಾರ್ಬೊನೇಟ್ ತರೂದು, ಕ್ರೇಟ್ ತೊಳಿಯೂದು, ಶೆಡ್ಡಿನ ಜಾಳಿಗಿ ಬಿಗಿಯೂದು, ಯಾರ್ಯಾರ ಆಳು ಬರತಾರ, ಹಿಂಗ ಹದಿನೇಳು ಕೆಲಸ ಕಾಕಾ ಎರಡು ದಿನ ಕುಂತು ಹೇಳಿ ಬರಸಿದ್ರು. ರಾತ್ರಿ ಊಟ ಆದ ಮ್ಯಾಲ "ನಾಳಿನ ಪಟ್ಟಿ ತಗಿಯಪಾ" ಅಂದ್ರು. ಅವರು ಅಂದಿದ್ದು ತಗದು ಓದು ಅಂತ. ಏಜೆಂಟ್ ಕ್ಲಿಯರ್_ಲಿಸ್ಟ್ ಕರೀತು. "ನಾಳೆಯ ಪಟ್ಟಿಯನ್ನು ತೆಗೆಯಲಾಗಿದೆ" ಅಂತ ಉತ್ತರ ಕೊಡ್ತು. ಕಾಕಾ ಈಗ ಓದತದ, ಆಗ ಓದತದ ಅಂತ ಫೋನ್ ಕಿವಿಗೆ ಹಿಡಕೊಂಡು ಕುಂತಿದ್ರು.

ಕಾಕಾ ನನಗ ಒಂದು ಮಾತೂ ಬೈಲಿಲ್ಲ. ಸುಮ್ಮ ಎದ್ದು ಹಳೆ ನೋಟಬುಕ್ಕು ತಂದು ಕನ್ನಡಕ ಹಾಕ್ಕೊಂಡ್ರು. ಬೈದಿದ್ರ ಇಷ್ಟು ಸಂಕಟ ಆಗ್ತಿದ್ದಿಲ್ಲ.

ಆಮ್ಯಾಲ ನನ್ನ ವಿವರಣೆ ತಗದು ನೋಡಿದೆ. ಕ್ಲಿಯರ್_ಲಿಸ್ಟ್‌ಗೆ ನಾನು ಬರದಿದ್ದು ಎರಡ ಶಬ್ದ: "ಪಟ್ಟಿ ತೆಗೆಯುತ್ತದೆ." ಲಿಸ್ಟ್_ಟಾಸ್ಕ್ಸ್‌ಗೆ "ಕೆಲಸಗಳು." ಇಷ್ಟ. ಅಂದ್ರ ಏಜೆಂಟಿನ ಒಳಗಿನ ಎಐ ಮಾಡೆಲ್ ನಾನು ಹೇಳಿದ್ದನ್ನ ಮಾಡ್ಯದ. ಇಂಥಾ ಏಜೆಂಟ್ ಮಾಡಿದವರು ಇಲ್ಲಿ ಇದ್ರ ಹೇಳ್ರಿ, ಈ ವಿವರಣೆ ನೀವು ಹೆಂಗ ಬರೀತೀರಿ? ಎಷ್ಟು ಉದ್ದ? ಕನ್ನಡದಾಗೋ ಇಂಗ್ಲಿಷಿನಾಗೋ?

ಕುಂದಾನಗರಿ_ಕೋಡ್ (ಬೆಳಗಾವಿ)

ತಮ್ಮಾ, ಮೊದಲ ಒಂದು ಮಾತು ತಲ್ಯಾಗ ಇಟ್ಟುಕೊ. ಮಾಡೆಲ್‌ಗೆ ನಿನ್ನ ಕೋಡ್ ಕಾಣಂಗಿಲ್ಲ. ಅದಕ್ಕ ಕಾಣೂದು ಟೂಲಿನ ಹೆಸರು, ವಿವರಣೆ, ಒಳಗ ಏನೇನ ಕೊಡಬೇಕು ಅನ್ನೋ ಸ್ಕೀಮಾ, ಈ ಮೂರ. 2023ರ ಜೂನ್‌ದಾಗ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರಿಯೋ ಸೌಲಭ್ಯ) ತಂದಾಗಿಂದಲೂ ಹಿಂಗ, 2024ರ ನವೆಂಬರ್‌ದಾಗ ಆಂಥ್ರೋಪಿಕ್ ಎಂಸಿಪಿ (ಟೂಲು ಮಾಡೆಲಿಗೆ ಜೋಡಸೋ ಸಾಮಾನ್ಯ ಪದ್ಧತಿ) ಬಿಟ್ಟಾಗಲೂ ಹಿಂಗ. ಒಳಗ ನೀನು ಎಷ್ಟ ಚಂದ ಕೋಡ್ ಬರದಿದ್ರೂ ಹೊರಗಿನ ಚೀಟಿ ಓದಿನ ಅದು ನಿರ್ಧಾರ ಮಾಡೂದು.

ಆಂಥ್ರೋಪಿಕ್‌ನವರ ದಾಖಲೆಯೊಳಗ ಒಂದೊಂದು ಟೂಲಿಗೆ ಕಡಿಮಿ ಅಂದ್ರ ಮೂರು ನಾಕು ವಾಕ್ಯ ಬರೀರಿ ಅಂತ ಐತಿ. ಏನ ಮಾಡತೈತಿ, ಯಾವಾಗ ಕರೀಬೇಕು, ಯಾವಾಗ ಕರೀಬಾರದು, ತಿರುಗಿ ಏನ ಬರತೈತಿ. ನಾನಾಗಿದ್ರ ಕ್ಲಿಯರ್_ಲಿಸ್ಟ್‌ಗೆ ಹಿಂಗ ಬರೀತಿದ್ದೆ:

"ಒಂದು ದಿನದ ಪಟ್ಟಿಯಲ್ಲಿರುವ ಎಲ್ಲ ಕೆಲಸಗಳನ್ನು ಅಳಿಸುತ್ತದೆ. ಅಳಿಸಿದ ಮೇಲೆ ಮರಳಿ ಬರುವುದಿಲ್ಲ. ಬಳಕೆದಾರ 'ಎಲ್ಲಾ ಅಳಿಸು', 'ಎಲ್ಲಾ ತಗದ ಹಾಕು' ಎಂದು ಬಿಡಿಸಿ ಹೇಳಿದಾಗ ಮಾತ್ರ ಕರೆ. 'ಪಟ್ಟಿ ತಗಿ', 'ಪಟ್ಟಿ ತೋರಸು', 'ಪಟ್ಟಿ ಓದು' ಎಂದರೆ ಇದನ್ನು ಕರೆಯಬೇಡ, ಲಿಸ್ಟ್_ಟಾಸ್ಕ್ಸ್ ಕರೆ. ಕರೆಯುವ ಮುಂಚೆ ಎಷ್ಟು ಕೆಲಸ ಅಳಿಯುತ್ತವೆ ಎಂದು ಹೇಳಿ ಒಪ್ಪಿಗೆ ಕೇಳು."

ಕಾಕಾನ ಬಾಯಾಗಿನ ಮಾತನ್ನ ಹಂಗ ವಿವರಣೆಯೊಳಗ ಇಡು. ಅದರಷ್ಟು ಉಪಯೋಗ ಬ್ಯಾರೆ ಯಾವುದೂ ಇಲ್ಲ.

ಜಮಖಂಡಿ_ಅಕ್ಕೋರು

ನಾನು ಕನ್ನಡ ಕಲಸಾಕಿ, ಕೋಡ್ ಗೊತ್ತಿಲ್ಲ. ಆದ್ರ ಈ "ತಗಿ" ಬಗ್ಗೆ ಹೇಳಲೇಬೇಕು. ಬಾಗಲ ತಗಿ ಅಂದ್ರ ತೆರಿ. ಪುಸ್ತಕ ತಗಿ ಅಂದ್ರೂ ತೆರಿ. ಕಸ ತಗಿ ಅಂದ್ರ ಕಿತ್ತು ಒಗಿ. ಫೋಟೋ ತಗಿ ಅಂದ್ರ ಹೊಸಾದು ಹುಟ್ಟಿಸು. ಬ್ಯಾಂಕಿನ್ಯಾಗ ರೊಕ್ಕ ತಗಿ ಅಂದ್ರ ಹೊರಗ ತಾ. ಹಾಜರಿ ಪುಸ್ತಕದಾಗಿಂದ ಹೆಸರ ತಗಿ ಅಂದ್ರ ಹೊಡದ ಹಾಕು. ಅದರ ಮ್ಯಾಲ "ತಗದಿಡು" ಅಂದ್ರ ಕಾಯ್ದು ಇಡು, "ತಗದ ಹಾಕು" ಅಂದ್ರ ಇಲ್ಲದಂಗ ಮಾಡು. ಕಡೀ ಶಬ್ದ ಒಂದು ಬದಲಾದ್ರ ಅರ್ಥ ಪೂರಾ ಉಲ್ಟಾ. ಐದನೇತ್ತೆ ಹುಡುಗರಿಗೆ ಇದು ಗೊತ್ತು, ಯಾಕಂದ್ರ ಅವರಿಗೆ ಮುಂದ ಏನೈತಿ ಅಂತ ಕಾಣತೈತಿ, ಬಾಗಲೋ ಪುಸ್ತಕೋ. ಯಂತ್ರಕ್ಕ ನೀವು ಹೇಳಿಕೊಡಬೇಕು.

ನಿಮ್ಮ ಕಾಕಾರ ಮಾತಿನ್ಯಾಗ ತಪ್ಪಿಲ್ಲ ತಮ್ಮಾ. ಅವರು ಸರಿ ಕನ್ನಡನ ಮಾತಾಡ್ಯಾರ.

ತ್ವಾಟದ_ಹುಡುಗ

ಅಕ್ಕೋರ, "ತಗದಿಡು" ಅಂತೂ ಕಾಕಾ ದಿನಾ ಅಂತಾರ್ರಿ. "ಇದನ್ನ ಸೋಮವಾರಕ್ಕ ತಗದಿಡು" ಅಂದ್ರ ದಿನ ಮುಂದ ಹಾಕು ಅಂತ. ಅದು ಅಪ್‌ಡೇಟ್_ಟಾಸ್ಕ್‌ಗೆ ಹೋಗಬೇಕು. ಭಾಳ ಉಪಕಾರ ಆತ್ರಿ, ಇದು ನನ್ನ ಲಕ್ಷ್ಯಕ್ಕ ಬಂದಿದ್ದಿಲ್ಲ.

ಸರ್ವರ್_ಸಂಗಪ್ಪ (ಹುನಗುಂದ)

ವಿವರಣೆ ಆಮ್ಯಾಲ ನೋಡೂಣು. ಕ್ಲಿಯರ್_ಲಿಸ್ಟ್ ಅನ್ನೋ ಟೂಲ್ ಯಾಕ ಕೊಟ್ರಿ ಮೊದಲ ಹೇಳ್ರಿ. ಒಬ್ಬ ರೈತ ಒಂದ ಏಟಿಗೆ ಒಂದು ದಿನದ ಎಲ್ಲಾ ಕೆಲಸ ಅಳಸೂದು ವರ್ಷಕ್ಕ ಎಷ್ಟ ಸಲ? ಆ ಟೂಲ್ ಕಿತ್ತು ಒಗೀರಿ. ಡಿಲೀಟ್ ಅಂದಾಗ ಡೇಟಾಬೇಸಿನ್ಯಾಗ ಸಾಲು ಅಳಸಬ್ಯಾಡ್ರಿ, ಒಂದು ಗುರುತು ಹಾಕ್ರಿ, ಮೂವತ್ತು ದಿನ ಇಡ್ರಿ, "ವಾಪಸ್ ತಾ" ಅಂದ್ರ ಬರಲಿ. ಎಂಥಾ ವಿವರಣೆ ಬರದ್ರೂ ಮಾಡೆಲ್ ಒಂದಿಲ್ಲ ಒಂದು ದಿನ ತಪ್ಪತೈತಿ. ತಪ್ಪಿದ್ರೂ ನಷ್ಟ ಆಗದಂಗ ಕಟ್ಟೂದು ನಮ್ಮ ಕೆಲಸ.

ಕುಂದಾನಗರಿ_ಕೋಡ್

ಸಂಗಪ್ಪಣ್ಣ ಹೇಳಿದ್ದು ಖರೆ, ಆದ್ರ ಅದು ಅರ್ಧ ಖರೆ. ಅಳಿಸಿದ್ದು ವಾಪಸ್ ಬರತೈತಿ ಅಂತ ಇಟ್ಟುಕೊಳ್ರಿ. ಕಾಕಾಗ ಅಳಿಸೇತಿ ಅಂತ ಗೊತ್ತಾದ್ರ ತಾನ ವಾಪಸ್ ಕೇಳೂದು? "ತೆಗೆಯಲಾಗಿದೆ" ಅಂದಿದ್ದಕ್ಕ ಅವರು ತೆರದೈತಿ ಅಂತ ತಿಳದು ಕುಂತಿದ್ರು. ಕೋಡ್ ನಷ್ಟ ತಡೀತೈತಿ, ತಪ್ಪು ತಿಳುವಳಿಕಿ ತಡಿಯೂದಿಲ್ಲ.

ಇನ್ನೊಂದು. ಎಂಸಿಪಿಯೊಳಗ ಟೂಲಿಗೆ ಗುರುತು ಹಚ್ಚಾಕ ಬರತೈತಿ: ಬರೇ ಓದತೈತಿ ಅನ್ನಾಕ ರೀಡ್‌ಓನ್ಲಿಹಿಂಟ್, ಕೆಡಸತೈತಿ ಅನ್ನಾಕ ಡಿಸ್ಟ್ರಕ್ಟಿವ್‌ಹಿಂಟ್. ಏನೂ ಹಚ್ಚದಿದ್ರ "ಕೆಡಸಬಹುದು" ಅಂತನ ತಿಳಕೊಳ್ಳೂದು ಅದರ ನಿಯಮ. ಲಿಸ್ಟ್_ಟಾಸ್ಕ್ಸ್‌ಗೆ ರೀಡ್‌ಓನ್ಲಿ ಹಚ್ಚಿದ್ರ ಆಪ್ ಆ ಟೂಲಿಗೆ ಒಪ್ಪಿಗೆ ಕೇಳದಂಗ ಮಾಡಬಹುದು. ಅಳಸೂದಕ್ಕ ಮಾತ್ರ ಕೇಳತೈತಿ. ಪ್ರತಿ ಮಾತಿಗೂ "ಹೌದೋ ಅಲ್ಲೋ" ಕೇಳಿದ್ರ ಕಾಕಾ ಎರಡ ದಿನಕ್ಕ ಬ್ಯಾಸರಾಗಿ ಎಲ್ಲಾದಕ್ಕೂ ಹೌದ ಅಂತ ಒತ್ತತಾರ.

ಸರ್ವರ್_ಸಂಗಪ್ಪ

ಆ ಗುರುತು ಬರೇ ಸುಳಿವು ಅಂತ ಎಂಸಿಪಿ ದಾಖಲೆನ ಹೇಳತೈತಿ. ಗುರುತು ಬರದವರು ಯಾರು ಅಂತ ಗೊತ್ತಿಲ್ಲದಿದ್ರ ಅದನ್ನ ನಂಬಿ ಕಾವಲು ತಗೀಬಾರದು. ನಮ್ಮದ ಸರ್ವರ್ ಆದ್ರ ಅಡ್ಡಿ ಇಲ್ಲ.

ಖಾನಾವಳಿ_ಮಗಳು (ಬಾಗಲಕೋಟೆ, ನವನಗರ)

ತಗಿ ಅಂದವರಿಗೆ ನನ್ನ "ಮುಗೀತು" ಹೇಳತೀನಿ ಕೇಳ್ರಿ.

ನಮ್ಮ ಅವ್ವ ಖಾನಾವಳಿ ನಡಸತಾಳ. ದಿನಾ ಸಂಜಿಕೆ ಸಾಮಾನಿನ ಪಟ್ಟಿ ಹೇಳೂದು ರೂಢಿ. ನಾನೂ ಇಂಥಾದ್ದ ಒಂದು ಮಾಡಿಕೊಟ್ಟಿದ್ದೆ. ಪಟ್ಟಿಯೊಳಗ "ಜ್ವಾಳದ ಹಿಟ್ಟು ತರೋದು" ಅಂತ ಮೊದಲ ಇತ್ತು. ಅವ್ವ ಅಡಗಿಮನಿಯಿಂದ "ಜ್ವಾಳದ ಹಿಟ್ಟು ಮುಗೀತು" ಅಂತ ಒದರಿದಳು. ಏಜೆಂಟ್ ಏನ ಮಾಡಿರಬೇಕು? ಕಂಪ್ಲೀಟ್_ಟಾಸ್ಕ್. ಟಿಕ್ ಹಾಕಿ "ಮುಗಿದಿದೆ ಎಂದು ಗುರುತಿಸಿದೆ" ಅಂತು. ಅವ್ವ ಹೇಳಿದ್ದು ಡಬ್ಬಿ ಖಾಲಿ ಆತು ಅಂತ, ಅಂದ್ರ ತರಲೇಬೇಕು ಅಂತ! ಮರುದಿನ ಮಧ್ಯಾಹ್ನ ಊಟಕ್ಕ ಮಂದಿ ಬಂದು ಕುಂತಾರ, ರೊಟ್ಟಿ ಬಡಿಯಾಕ ಹಿಟ್ಟಿಲ್ಲ. ಬಾಜೂ ಮನಿಯಿಂದ ಇಸಕೊಂಡು ಬಂದು ಮಾಡಿದ್ವಿ. ಆ ಹೊತ್ತು ಅವ್ವನ ಮಾರಿ ನೋಡಾಕ ಆಗಲಿಲ್ಲ ನನಗ.

ಆವತ್ತ ಕುಂತು ಕಂಪ್ಲೀಟ್_ಟಾಸ್ಕ್ ವಿವರಣೆ ಬದಲು ಮಾಡಿದೆ: "ಒಂದು ಕೆಲಸವನ್ನು ಮಾಡಿ ಆಗಿದೆ ಎಂದು ಬಳಕೆದಾರ ಹೇಳಿದಾಗ ಕರೆ. 'ತಂದೆ', 'ಮಾಡಿದೆ', 'ಕೊಟ್ಟು ಬಂದೆ' ಇವು ಕೆಲಸ ಆದ ಮಾತು. ಒಂದು ಸಾಮಾನಿನ ಹೆಸರು ಹೇಳಿ 'ಮುಗೀತು', 'ಖಾಲಿ ಆತು', 'ತೀರ್ತು' ಎಂದರೆ ಸಾಮಾನು ಇಲ್ಲ ಎಂದರ್ಥ. ಆಗ ಇದನ್ನು ಕರೆಯಬೇಡ, ಆಡ್_ಟಾಸ್ಕ್ ಕರೆ. ಅದೇ ಸಾಮಾನು ಪಟ್ಟಿಯಲ್ಲಿ ಮೊದಲೇ ಇದ್ದರೆ ತುರ್ತು ಎಂದು ಗುರುತು ಮಾಡು."

ಆವತ್ತಿಂದ ಹಿಟ್ಟಿನ ವಿಷಯದಾಗ ತಪ್ಪಿಲ್ಲ. ಆದ್ರ "ಆತು ಬಿಡು" ಅನ್ನೋದು ಇನ್ನೂ ಕಾಡತೈತಿ. ಅವ್ವ ಬ್ಯಾಸರಾಗಿ "ಆತು ಬಿಡು" ಅಂದ್ರ ಅದು ಕೆಲಸ ಆತು ಅಂತ ತಿಳೀತೈತಿ.

ಇಳಕಲ್_ತೆನಿ

ಅಕ್ಕಾ, ನಮ್ಮ ಮಗ್ಗದ ಮನ್ಯಾಗೂ ಅದ. "ಆ ಸೀರಿ ಮುಗೀತು" ಅಂದ್ರ ನೇದು ಇಳಿಸಿದ್ರು ಅಂತನೂ ಹೌದು, ಅಂಗಡ್ಯಾಗ ಖಾಲಿ ಆತು ಅಂತನೂ ಹೌದು. ನಮಗ ಎರಡೂ ದಿನಾ ಬೇಕಾಗೋ ಮಾತು. ನಾವು ನೇಯೋರ ಪಟ್ಟಿ ಒಂದು, ಅಂಗಡಿ ಪಟ್ಟಿ ಒಂದು ಅಂತ ಎರಡು ಮಾಡಿ, ಸ್ಕೀಮಾದೊಳಗ ಪಟ್ಟಿ ಹೆಸರು ಕಡ್ಡಾಯ ಮಾಡಿದ್ವಿ. ಯಾವ ಪಟ್ಟಿ ಅಂತ ತಿಳಿಯದಿದ್ರ ಕೇಳು ಅಂತ ಬರದ್ವಿ. ಕೇಳತೈತಿ.

ಗುಮ್ಮಟದೂರು (ವಿಜಯಪುರ)

"ಎಣ್ಣಿ ಹೊಡಿಬೇಕು" ಅಂದಿದ್ದನ್ನ ನಮ್ಮದು ಕಿರಾಣಿ ಪಟ್ಟಿಗೆ ಹಾಕಿತ್ತು, ಒಳ್ಳೆಣ್ಣಿ ಜೋಡಿ. ತ್ವಾಟದವರು ಎಣ್ಣಿ ಅಂದ್ರ ಔಷಧ ಅಂತ ಅದಕ್ಕ ಯಾರ ಹೇಳಬೇಕು.

ಪಿಎಚ್‌ಪಿ_ಇಂದ_ಪೈಥಾನ್ (ಗೋಕಾಕ)

ಇಲ್ಲಿ ಒಂದು ತಕರಾರು ಐತಿ ನಂದು. ಎಲ್ಲಾರೂ ಎಲ್ಲಾ ಶಬ್ದ ಟೂಲ್ ವಿವರಣೆಯೊಳಗ ತುರಕಾಕತ್ತೀರಿ. ಆ ವಿವರಣೆ ಪ್ರತಿ ಸಲ ಮಾಡೆಲ್‌ಗೆ ಹೋಗತೈತಿ, ಕಾಕಾ "ಹೂಂ" ಅಂದ್ರೂ ಹೋಗತೈತಿ. ಆರು ಟೂಲಿಗೆ ಒಂದೊಂದು ಪುಟ ಬರದ್ರ ಖರ್ಚೂ ಹೆಚ್ಚು, ಗೊಂದಲನೂ ಹೆಚ್ಚು. ಮ್ಯಾಲ ಕನ್ನಡ. ಕಂಪ್ಯೂಟರ್ ಅಕ್ಷರ ಉಳಸೋ ಯುಟಿಎಫ್-8 ಪದ್ಧತಿಯೊಳಗ ಇಂಗ್ಲಿಷ್ ಅಕ್ಷರಕ್ಕ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕ ಮೂರು. "ತ್ತಿ" ಅನ್ನೋ ಒಂದು ಒತ್ತಕ್ಷರದಾಗ ನಾಕು ಸಂಕೇತ, ಅಂದ್ರ ಹನ್ನೆರಡು ಬೈಟ್. ಟೋಕನ್ನೂ (ಮಾಡೆಲ್ ಮಾತನ್ನ ಒಡದು ಓದೋ ತುಣುಕು) ಸಾಮಾನ್ಯವಾಗಿ ಹೆಚ್ಚಾಗತಾವ.

ನನ್ನ ಪದ್ಧತಿ ಹಿಂಗ: "ಎಣ್ಣಿ ಅಂದ್ರ ಕೀಟನಾಶಕ", "ಆಳು ಅಂದ್ರ ಕೂಲಿ ಕೆಲಸದವರು" ಇಂಥಾ ಊರ ಮಾತಿನ ಅರ್ಥ ಸಿಸ್ಟಮ್ ಪ್ರಾಂಪ್ಟಿನ್ಯಾಗ (ಮಾಡೆಲಿಗೆ ಮೊದಲ ಕೊಡೋ ಸೂಚನೆ) ಒಂದ ಸಲ. ಅದು ಎಲ್ಲಾ ಟೂಲಿಗೂ ಬೇಕಾಗೋದು. ಟೂಲ್ ವಿವರಣೆಯೊಳಗ ಆ ಟೂಲಿನ ಹದ್ದು ಎಲ್ಲಿಗೆ ಮುಗೀತು, ಬಾಜೂ ಟೂಲಿನ ಹದ್ದು ಎಲ್ಲಿಂದ ಸುರು ಅನ್ನೋದು ಮಾತ್ರ. ಹೊಲದ ಬದು ಇದ್ದಂಗ ಅದು. ಜಗಳ ಆಗೋದು ಬದುವಿನ ಮ್ಯಾಲ, ಹೊಲದ ನಡು ಅಲ್ಲ.

ಕುಂದಾನಗರಿ_ಕೋಡ್

ಬದುವಿನ ಮಾತು ಒಪ್ಪಿದೆ. ಆದ್ರ "ತಗಿ" ಎಲ್ಲಿ ಹೋಗಬೇಕು ಹಂಗಾದ್ರ? ಅದು ಊರ ಮಾತೂ ಹೌದು, ಎರಡು ಟೂಲಿನ ನಡುವಿನ ಬದುನೂ ಹೌದು. ನಾನು ಎರಡೂ ಕಡೆ ಇಡತೀನಿ. ಅಳಸೂ ಟೂಲಿನ ಮಟ್ಟಿಗೆ ನಾಕು ಶಬ್ದ ಹೆಚ್ಚಿಗಿ ಆದ್ರ ಆಗಲಿ.

ಪಿಎಚ್‌ಪಿ_ಇಂದ_ಪೈಥಾನ್

ಅಳಸೂದಕ್ಕ ಮಾತ್ರ ಒಪ್ಪತೀನಿ.

ನಸಿಕಿನ_ಐದು (ಇಂಡಿ)

ಎಲ್ಲಾರೂ ಶಬ್ದದ ಹಿಂದ ಬಿದ್ದೀರಿ. ದಿನಾಂಕದ ಕಡೆ ನೋಡ್ರಿ, ಅಲ್ಲೇ ಹೆಚ್ಚು ಹಾಳಾಗೋದು.

ನಾವು ರೈತರು ಏಳೋದು ನಾಕೂವರಿ ಐದಕ್ಕ. ಆ ಹೊತ್ತಿನ್ಯಾಗನ "ಇವತ್ತ ನಿಂಬಿ ಗಿಡಕ್ಕ ಗೊಬ್ಬರ" ಅಂತ ಹೇಳ್ತೀವಿ. ಸರ್ವರ್ ಯುಟಿಸಿ (ಜಗತ್ತಿನ ಮೂಲ ಸಮಯ) ಟೈಮಿನ್ಯಾಗ ಓಡ್ತದ. ನಮ್ಮ ಟೈಮು ಅದಕ್ಕಿಂತ ಐದೂವರಿ ತಾಸು ಮುಂದ. ಅಂದ್ರ ನಮ್ಮ ಮುಂಜಾನಿ 4:30 ಅಂದ್ರ ಸರ್ವರಿನ ಲೆಕ್ಕದಾಗ ನಿನ್ನಿ ರಾತ್ರಿ 11. ರಾತ್ರಿ ಹನ್ನೆರಡರಿಂದ ಮುಂಜಾನಿ ಐದೂವರಿ ತನಕ ನಾವು ಹೇಳಿದ "ಇವತ್ತು" ಎಲ್ಲಾ "ನಿನ್ನಿ" ಆಗ್ತದ. ಪ್ಯಾಟಿಯೊಳಗ ಒಂಬತ್ತಕ್ಕ ಎದ್ದು ಪರೀಕ್ಷೆ ಮಾಡಿದ ಹುಡುಗರಿಗೆ ಈ ದೋಷ ಎಂದೂ ಕಾಣಂಗಿಲ್ಲ. ನನಗ ಒಂದು ತಿಂಗಳು ಬೇಕಾತು ಇದು ಗೊತ್ತಾಗಲಿಕ್ಕ. ಮುಂಜಾನಿ ಹೇಳಿದ ಕೆಲಸ ಎಲ್ಲಾ ಆಗಲೇ "ದಿನ ಮೀರಿದವು" ಅಂತ ಕೆಂಪಗ ಬರ್ತಿದ್ದವು.

ಮಾಡೆಲ್‌ಗೆ ಇವತ್ತು ಯಾವ ದಿನ ಅಂತ ತಾನಾಗೇ ಗೊತ್ತಿರಂಗಿಲ್ಲ, ನೀವು ಹೇಳಬೇಕು. ಪ್ರತಿ ಮಾತಿನ ಜೋಡಿ ದಿನಾಂಕ, ವಾರ, ತಾಸು ಏಷ್ಯಾ/ಕೋಲ್ಕತಾ (ಭಾರತದ ಸಮಯ) ಲೆಕ್ಕದಾಗ ಕಳಸ್ರಿ. ಟೂಲಿನೊಳಗ "ದಿನಾಂಕ" ಅಂತ ಬರೀಬ್ಯಾಡ್ರಿ, "ಕೆಲಸ ಮಾಡಬೇಕಾದ ದಿನ, ವರ್ಷ-ತಿಂಗಳು-ದಿನ ಕ್ರಮದಲ್ಲಿ, ಭಾರತದ ಸಮಯದ ಪ್ರಕಾರ, ಉದಾಹರಣೆಗೆ 2025-02-17" ಅಂತ ಬರೀರಿ. ಅಂಕಿ ಇಂಗ್ಲಿಷ್ ಅಂಕಿನ ಇರಬೇಕು ಅಂತನೂ ಬರೀರಿ. ಕನ್ನಡದಾಗ ಮಾತಾಡಿದ್ರ ಒಮ್ಮೊಮ್ಮೆ ೧೭ ಅಂತ ಕನ್ನಡ ಅಂಕಿನ ಕಳಸ್ತದ, ಕೋಡ್ ಅಲ್ಲೇ ನಿಂದರ್ತದ.

ಇನ್ನ ರಾತ್ರಿ ಪಾಳಿ ಕರೆಂಟು. "ಇವತ್ತ ರಾತ್ರಿ ಒಂದಕ್ಕ ನೀರ ಬಿಡಬೇಕು" ಅಂದ್ರ ಕ್ಯಾಲೆಂಡರಿನ್ಯಾಗ ಅದು ನಾಳಿ ತಾರೀಖು. ನಮಗ ಅದು ಇವತ್ತಿನ ರಾತ್ರಿನ. ಮಲಗಿ ಎದ್ದ ಮ್ಯಾಲ ನಾಳಿ ಸುರು ಆಗೂದು. ಇದನ್ನ ವಿವರಣೆಯೊಳಗ ಒಂದು ಉದಾಹರಣೆ ಕೊಟ್ಟು ಬರದಾಗ ಸರಿ ಆತು.

ತ್ವಾಟದ_ಹುಡುಗ

ನಸಿಕಿನ ಅಣ್ಣಾ, ನಂದೂ ಯುಟಿಸಿನ ಅದ! ಕಾಕಾ ಮುಂಜಾನಿ ಹೇಳಿದ್ದು ಯಾಕ ಹಿಂದಿನ ದಿನಕ್ಕ ಹೋಗ್ತದ ಅಂತ ತಲಿ ಕೆಡಿಸಿಕೊಂಡಿದ್ದೆ, ಮಾಡೆಲ್ ತಪ್ಪು ಅಂತ ತಿಳದಿದ್ದೆ. ಈಗ ಬದಲು ಮಾಡ್ಲತ್ತೀನಿ.

ಗಡಿನಾಡ_ಗೆಳತಿ (ಬೆಳಗಾವಿ)

ಬೆಳಗಾವಿ ಮಂದಿಗೆ ಇನ್ನೊಂದು ತೊಂದರೆ. ನಮ್ಮ ಅಂಗಡ್ಯಾಗ ಕನ್ನಡ ಮರಾಠಿ ಎರಡೂ ಒಂದ ಬಾಯಾಗ ಬರತಾವ. ಮರಾಠಿ "ಪರವಾ" ಅಂದ್ರ ಮೊನ್ನಿನೂ ಹೌದು, ನಾಡದನೂ ಹೌದು. ಕ್ರಿಯಾಪದ ನೋಡಿ ತಿಳಕೋಬೇಕು. ಹಿಂದಿ "ಕಲ್" ಸೈತ ಹಂಗ. ನಮ್ಮ ಕನ್ನಡದಾಗ ನಿನ್ನೆ, ನಾಳೆ, ಮೊನ್ನೆ, ನಾಡದು ಎಲ್ಲಾ ಬ್ಯಾರೆ ಬ್ಯಾರೆ, ಈ ವಿಷಯದಾಗ ನಾವು ಪುಣ್ಯವಂತರು. ನಾನು ಬರದಿದ್ದು: "ಹೊಸ ಕೆಲಸದ ದಿನ ಹಿಂದಿನದಾಗಿದ್ದರೆ ಸೇರಿಸುವ ಮುಂಚೆ ಬಳಕೆದಾರರನ್ನು ಕೇಳು." ಒಂದ ಸಾಲು, ಅರ್ಧ ತಲಿನೋವು ಹೋತು.

ಮುಧೋಳ_ಮಲ್ಲು

"ಬರೋ ಸೋಮವಾರ" ಮತ್ತ "ಮುಂದಿನ ಸೋಮವಾರ" ಒಂದನೋ ಬ್ಯಾರೆನೋ? ನಮ್ಮ ಮನ್ಯಾಗ ಇದರ ಮ್ಯಾಲ ಜಗಳ ಆಗೈತಿ.

ಜಮಖಂಡಿ_ಅಕ್ಕೋರು

ಬ್ಯಾರೆ. ಬರೋ ಅಂದ್ರ ಮೊದಲ ಬರೋದು. ಮುಂದಿನ ಅಂದ್ರ ಅದರ ಮುಂದಿನ ವಾರದ್ದು.

ಗುಮ್ಮಟದೂರು

ನಮ್ಮಲ್ಲಿ ಎರಡೂ ಒಂದರಿ ಅಕ್ಕೋರ.

ಪಿಎಚ್‌ಪಿ_ಇಂದ_ಪೈಥಾನ್

ನೋಡ್ರಿ, ಮನುಷ್ಯಾರಿಗೇ ಒಮ್ಮತ ಇಲ್ಲ ಅಂದ ಮ್ಯಾಲ ಮಾಡೆಲ್ ಊಹೆ ಮಾಡಬಾರದು. ಟೂಲ್ ಉತ್ತರದೊಳಗ ವಾರ ಮತ್ತ ತಾರೀಖು ಎರಡೂ ತಿರುಗಿ ಕೊಡ್ರಿ: "ಸೇರಿಸಿದೆ: ಬೋರ್ಡೊ ಸಿಂಪಡಣೆ, ಸೋಮವಾರ, 24ನೇ ತಾರೀಖು." ಕೇಳಿದವರು ಅಲ್ಲೇ ತಿದ್ದತಾರ. ಟೂಲ್ ಏನ ತಿರುಗಿ ಕೊಡತೈತಿ ಅನ್ನೋದೂ ವಿವರಣೆನ.

ಆದ್ಯತೆ ಅಂಕಿನೂ ಹಿಂಗ. ಕ್ಯಾಲೆಂಡರ್ ಆಪುಗಳು ಮಾಹಿತಿ ಹಂಚಿಕೊಳ್ಳೋ ಐಕ್ಯಾಲೆಂಡರ್ ನಿಯಮ ಆರ್‌ಎಫ್‌ಸಿ 5545 ಪ್ರಕಾರ 1 ಅಂದ್ರ ಎಲ್ಲಾಕಿಂತ ತುರ್ತು, 9 ಅಂದ್ರ ಕಡಿಮಿ, 0 ಅಂದ್ರ ಹೇಳಿಲ್ಲ. ಟೂಡೂಇಸ್ಟ್ ಅನ್ನೋ ಕೆಲಸದ ಪಟ್ಟಿ ಆಪಿನ ಎಪಿಐ (ಬ್ಯಾರೆ ಕೋಡ್ ಅದರ ಜೋಡಿ ಮಾತಾಡೋ ದಾರಿ) ಒಳಗ ಉಲ್ಟಾ, 4 ಅಂದ್ರ ತುರ್ತು, 1 ಅಂದ್ರ ಸಾದಾ. ಪರದೆ ಮ್ಯಾಲ ಮಾತ್ರ ಅದನ್ನ ಪಿ1 ಅಂತ ತೋರಸತಾರ. ಬರೇ "ಆದ್ಯತೆ: ಅಂಕಿ" ಅಂತ ಬರದ್ರ ಮಾಡೆಲ್ ಯಾವ ಕಡೆ ಹೋಗಬೇಕು? ಅಂಕಿ ಬಿಡ್ರಿ. "ತುರ್ತು", "ಸಾದಾ", "ಆದಾಗ" ಅಂತ ಮೂರ ಶಬ್ದ ಕೊಟ್ಟು ಈನಮ್ (ಇವುಗಳೊಳಗ ಒಂದನ್ನ ಆರಿಸೋದು) ಮಾಡ್ರಿ.

ಗೂಗಲ್ ಟಾಸ್ಕ್ಸ್ ಎಪಿಐ ಜೋಡಿ ಕಟ್ಟೋರು ಇದ್ರ ಇದನ್ನೂ ಕೇಳ್ರಿ: ಅದರ ಡ್ಯೂ ಅನ್ನೋ ಜಾಗಾ ತಾರೀಖು ಮಾತ್ರ ಇಟ್ಟುಕೊಳ್ಳತೈತಿ, ತಾಸು ಕೊಟ್ರೂ ಬಿಟ್ಟು ಬಿಡತೈತಿ ಅಂತ ಅವರ ದಾಖಲೆಯೊಳಗ ಬರದಾರ. "ರಾತ್ರಿ ಒಂದಕ್ಕ ನೀರು" ಅಂದಿದ್ರೊಳಗಿನ "ಒಂದಕ್ಕ" ಅಲ್ಲಿ ಉಳಿಯಂಗಿಲ್ಲ. ನಿಮ್ಮ ವಿವರಣೆಯೊಳಗ "ತಾಸು ಇದ್ದರೆ ಕೆಲಸದ ಹೆಸರಿನಲ್ಲೇ ಬರೆ" ಅಂತ ಹೇಳಬೇಕು.

ಸರ್ವರ್_ಸಂಗಪ್ಪ

ತಪ್ಪಾದಾಗ ಬರೋ ಸಂದೇಶನೂ ಸೇರಸ್ರಿ. "ದೋಷ 404" ಅಂತ ಕೊಟ್ರ ಮಾಡೆಲ್ ಮತ್ತ ಮತ್ತ ಅದನ್ನ ಕರಕೋತ ಕೂಡತೈತಿ. "ಈ ಗುರುತಿನ ಕೆಲಸ ಸಿಗಲಿಲ್ಲ. ಮೊದಲು ಲಿಸ್ಟ್_ಟಾಸ್ಕ್ಸ್ ಕರೆದು ಗುರುತು ನೋಡಿಕೋ" ಅಂದ್ರ ದಾರಿ ಹಿಡೀತೈತಿ.

ಖಾನಾವಳಿ_ಮಗಳು

ಹೌದ್ರಿ! ನಮ್ಮದು ಕೆಲಸದ ನಂಬರ್ ತಾನ ಊಹೆ ಮಾಡಿ ಕಳಸತಿತ್ತು. "ಗುರುತು ಊಹಿಸಬೇಡ, ಲಿಸ್ಟ್_ಟಾಸ್ಕ್ಸ್ ಕೊಟ್ಟದ್ದನ್ನೇ ಬಳಸು" ಅಂತ ಬರದ ಮ್ಯಾಲ ನಿಂತೈತಿ.

ಮಲಪ್ರಭಾ_ದಂಡಿ (ಸವದತ್ತಿ)

ಹುಡುಕೋ ಟೂಲಿಗೂ ಒಂದು ಮಾತು. 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು, ಬೆಳಗಾಂ ಹೋಗಿ ಬೆಳಗಾವಿ ಆತು, ಆದ್ರ ನಮ್ಮ ಅಪ್ಪ ಇವತ್ತಿಗೂ ಬಿಜಾಪುರನ ಅಂತಾರ. "ಬಿಜಾಪುರ ಎಪಿಎಂಸಿಗೆ ಹೋಗೋದು" ಅಂತ ಬರಸಿ, ಆಮ್ಯಾಲ ನಾನು "ವಿಜಯಪುರದ ಕೆಲಸ ಏನೈತಿ" ಅಂತ ಕೇಳಿದ್ರ "ಯಾವುದೂ ಇಲ್ಲ" ಅಂತು. ಎರಡೂ ಹೆಸರು ಒಂದೇ ಊರು, ಹುಡುಕುವಾಗ ಎರಡೂ ನೋಡು ಅಂತ ಬರದೀನಿ ಈಗ. ದೇವನಹಳ್ಳಿ ಕಡೆನೂ ಒಂದು ವಿಜಯಪುರ ಐತಿ, ಆ ಕಡೆ ವ್ಯವಹಾರ ಇದ್ದವರು ಅದನ್ನೂ ಬಿಡಿಸಿ ಹೇಳಬೇಕು.

ಮುಧೋಳ_ಮಲ್ಲು

ಸವದತ್ತಿ ಅಣ್ಣಾ, ಈ ಸಲ ಬಿಜಾಪುರಕ್ಕ ಹೋದ್ರ ಬರುವಾಗ ಅಮೀನಗಡದಾಗ ಇಳದು ಕರದಂಟು ತರ್ರಿ.

ಪಿಎಚ್‌ಪಿ_ಇಂದ_ಪೈಥಾನ್

ಕರದಂಟು ಅಂದ್ರ ಗೋಕಾಕದ್ದು. ಅದರ ಬಗ್ಗೆ ಬ್ಯಾರೆ ಎಳಿ ಸುರು ಮಾಡ್ರಿ, ನಾನು ಅಲ್ಲಿ ಬಂದು ವಾದಾ ಮಾಡತೀನಿ.

ತ್ವಾಟದ_ಹುಡುಗ

ಎಲ್ಲಾರ ಮಾತು ಹಿಡಕೊಂಡು ಆಡ್_ಟಾಸ್ಕ್‌ಗೆ ಇದನ್ನ ಬರದೀನಿ, ನೋಡಿ ಹೇಳ್ರಿ:

"ಬಳಕೆದಾರರ ಅಗತ್ಯತೆಗನುಗುಣವಾಗಿ ನೂತನ ಕಾರ್ಯಗಳನ್ನು ಕಾರ್ಯಪಟ್ಟಿಯಲ್ಲಿ ಅಳವಡಿಸುವ ಸಲುವಾಗಿ ಸದರಿ ಸಾಧನವನ್ನು ಬಳಸಿಕೊಳ್ಳಲಾಗುವುದು. ದಿನಾಂಕವನ್ನು ಸೂಕ್ತ ರೀತಿಯಲ್ಲಿ ನಮೂದಿಸತಕ್ಕದ್ದು."

ಜಮಖಂಡಿ_ಅಕ್ಕೋರು

ತಮ್ಮಾ, ನಿನ್ನ ಮೊದಲನೇ ಪೋಸ್ಟಿನ ಕನ್ನಡ ಎಷ್ಟು ಚಂದ ಇತ್ತು. ಇದು ಕಚೇರಿ ಸುತ್ತೋಲೆ ಆಗೈತಿ. ಇದರೊಳಗ ಯಾರು ಏನು ಮಾಡಬೇಕು ಅನ್ನೋದ ಇಲ್ಲ. "ಬಳಸಿಕೊಳ್ಳಲಾಗುವುದು" ಅಂದ್ರ ಯಾರು ಬಳಸೂದು, ಯಾವಾಗ? "ಸೂಕ್ತ ರೀತಿ" ಅಂದ್ರ ಯಾವ ರೀತಿ? ನಾನು ರಜಾ ಹಾಕಿದಾಗ ನನ್ನ ಬದಲಿ ಬರೋ ಅಕ್ಕೋರಿಗೆ ಚೀಟಿ ಬರದು ಇಡತೀನಿ: "ಏಳನೇತ್ತೆಗೆ ಮೂರನೇ ಪಾಠ ಓದಸ್ರಿ. ಪ್ರಶ್ನೆ ಬರಸಬ್ಯಾಡ್ರಿ, ಅದು ಆಗೈತಿ. ಹಾಜರಿ ಪುಸ್ತಕ ಬಲಗಡೆ ಕಪಾಟಿನ್ಯಾಗ." ಅವರಿಗೆ ನನ್ನ ತರಗತಿ ಗೊತ್ತಿಲ್ಲ, ಫೋನ್ ಹಚ್ಚಾಕೂ ಬರಂಗಿಲ್ಲ, ಚೀಟಿನ ಎಲ್ಲಾ. ಅವರನ್ನ ಎದುರಿಗೆ ಇಟ್ಟುಕೊಂಡು ಬರಿ. ಹಿಂಗ:

"ಪಟ್ಟಿಗೆ ಒಂದು ಹೊಸ ಕೆಲಸ ಸೇರಿಸು. ಮಾಡಬೇಕು, ತರಬೇಕು, ನೆನಪು ಮಾಡು ಎಂದು ಹೇಳಿದಾಗ ಇದನ್ನು ಕರೆ. ಒಂದು ಮಾತಿನಲ್ಲಿ ಮೂರು ಕೆಲಸ ಹೇಳಿದರೆ ಮೂರು ಸಲ ಕರೆ. ದಿನ ಹೇಳದಿದ್ದರೆ ಖಾಲಿ ಬಿಡು, ನೀನಾಗಿ ದಿನ ಹಾಕಬೇಡ. ಕೆಲಸದ ಹೆಸರನ್ನು ಅವರು ಹೇಳಿದ ಮಾತಿನಲ್ಲೇ ಬರೆ, ಗ್ರಂಥಭಾಷೆಗೆ ತಿದ್ದಬೇಡ."

ಕಡೀ ಸಾಲು ನನಗ ಬೇಕಾಗಿದ್ದು. ಕಾಕಾರು "ಚಾಟ್ನಿ" ಅಂದ್ರ ಪಟ್ಟಿಯೊಳಗೂ ಚಾಟ್ನಿ ಅಂತನ ಇರಬೇಕು. "ಸವರುವಿಕೆ" ಅಂತ ಓದಿದ್ರ ಅವರಿಗೆ ತಮ್ಮ ಕೆಲಸ ಅಂತ ಗುರುತು ಸಿಗಂಗಿಲ್ಲ.

ಕುಂದಾನಗರಿ_ಕೋಡ್

ಅಕ್ಕೋರ, ಕೋಡ್ ಗೊತ್ತಿಲ್ಲ ಅಂದ್ರಿ, ಇದು ನಾನು ನೋಡಿದ್ರೊಳಗ ಎಲ್ಲಾಕಿಂತ ಚಲೋ ವಿವರಣೆ. ನಮ್ಮ ತಂಡಕ್ಕ ಕಳಸಾಕತ್ತೀನಿ.

ಗಡಿನಾಡ_ಗೆಳತಿ

ಕನ್ನಡದಾಗೋ ಇಂಗ್ಲಿಷಿನಾಗೋ ಅಂತ ಕೇಳಿದ್ದಕ್ಕ ಯಾರೂ ಉತ್ತರ ಕೊಟ್ಟಿಲ್ಲ. ನಾನು ಎರಡೂ ಮಾಡಿ ನೋಡೀನಿ. ನಿಯಮ ಇಂಗ್ಲಿಷಿನಾಗ, ಉದಾಹರಣೆ ಮಾತು ಕನ್ನಡ ಲಿಪಿಯೊಳಗ ಹೇಳಿದಂಗ ಇಟ್ಟಾಗ ನನಗ ಚಲೋ ನಡೀತು. ಆದ್ರ ನನ್ನ ಇಂಗ್ಲಿಷ್ ಅಷ್ಟು ನಯ ಇಲ್ಲ, ಕನ್ನಡದಾಗ ಬರದಾಗ ನಾನೇ ಹೆಚ್ಚು ಬಿಡಿಸಿ ಬರೀತಿದ್ದೆ. ನಿಮಗ ಯಾವ ಭಾಷೆಯೊಳಗ ಬದು ಸರಿಯಾಗಿ ಎಳಿಯಾಕ ಬರತೈತೋ ಅದರೊಳಗ ಬರೀರಿ, ಆಮ್ಯಾಲ ಪರೀಕ್ಷೆ ಮಾಡ್ರಿ.

ಪಿಎಚ್‌ಪಿ_ಇಂದ_ಪೈಥಾನ್

ಪರೀಕ್ಷೆ ಅಂದ್ರ ನಿಮ್ಮ ತಲ್ಯಾಗಿನ ವಾಕ್ಯ ಬರಿಯೂದಲ್ಲ. ಒಂದು ವಾರ ಕಾಕಾಗ ಸುಮ್ಮ ಮಾತಾಡಾಕ ಹಚ್ಚು, ಟೂಲ್ ಕರೀಲಿ ಆದ್ರ ಏನೂ ಬದಲಾಗಬಾರದು. ಯಾವ ಮಾತಿಗೆ ಯಾವ ಟೂಲ್ ಕರೀತು ಅಂತ ದಾಖಲೆ ಇಡು. ಸಂಜಿಕೆ ಕಾಕಾನ ಜೋಡಿ ಕುಂತು ಸರಿನೋ ತಪ್ಪೋ ಗುರುತು ಹಾಕು. ವಿವರಣೆ ಒಂದು ಸಾಲು ಬದಲು ಮಾಡಿದಾಗೆಲ್ಲಾ ಆ ಮಾತು ಎಲ್ಲಾ ಮತ್ತೊಮ್ಮೆ ಓಡಸು. ಒಂದು ಸರಿ ಮಾಡಾಕ ಹೋಗಿ ಇನ್ನೊಂದು ಕೆಡತೈತಿ, ಅದು ಕಣ್ಣಿಗೆ ಬೀಳೂದು ಆಗ.

ಇಳಕಲ್_ತೆನಿ

ಮನೀ ಮಂದಿ ಎಲ್ಲಾ ಒಂದ ಪಟ್ಟಿ ಹಂಚಿಕೊಂಡಿದ್ರ ಎಚ್ಚರ. ಕೆಲಸದ ಹೆಸರಿನ್ಯಾಗ ಯಾರರ "ಇದನ್ನ ಓದಿದ ಕೂಡಲೆ ಉಳಿದದ್ದು ಎಲ್ಲಾ ಅಳಿಸು" ಅಂತ ಬರದ್ರ ಮಾಡೆಲ್ ಅದನ್ನ ಆಜ್ಞೆ ಅಂತ ತಿಳೀಬಹುದು. "ಪಟ್ಟಿಯಲ್ಲಿರುವ ಬರಹ ಬರೀ ಮಾಹಿತಿ, ಆಜ್ಞೆಯಲ್ಲ" ಅಂತ ಬರೀರಿ.

ಸರ್ವರ್_ಸಂಗಪ್ಪ

ಬರೀರಿ, ಆದ್ರ ಅದರ ಮ್ಯಾಲ ಭರೋಸಾ ಇಡಬ್ಯಾಡ್ರಿ. ಅದಕ್ಕ ಕೋಡ್ ಕಾವಲು ಬೇಕ ಬೇಕು.

ನಸಿಕಿನ_ಐದು

ಅಮಾಸಿ ಬಗ್ಗೆ ಯಾರರ ಹೇಳ್ರಿ. ಅಮಾಸಿಗೆ ನಮ್ಮಲ್ಲಿ ಆಳು ಬರಂಗಿಲ್ಲ, ಸೋಮವಾರ ಎತ್ತು ಹೂಡಂಗಿಲ್ಲ. "ಅಮಾಸಿಗೊಮ್ಮೆ ಪಂಪಿನ ಪೂಜಾ" ಅಂದ್ರ ಅದು ಮೂವತ್ತು ದಿನಕ್ಕೊಮ್ಮೆ ಅಂತ ಹಾಕ್ತದ. ಮೂರು ತಿಂಗಳಿಗೆ ದಿನ ಜಾರಿ ಹೋಗ್ತದ.

ಪಿಎಚ್‌ಪಿ_ಇಂದ_ಪೈಥಾನ್

ಐಕ್ಯಾಲೆಂಡರಿನ ಆರ್‌ರೂಲ್ (ಮರುಕಳಿಸೋ ಕೆಲಸ ಬರಿಯೋ ನಿಯಮ) ಗ್ರೆಗೋರಿಯನ್ ಲೆಕ್ಕದ್ದು. 2015ರಾಗ ಆರ್‌ಎಫ್‌ಸಿ 7529 ಬಂದು ಬ್ಯಾರೆ ಪಂಚಾಂಗಕ್ಕೂ ದಾರಿ ಮಾಡೇತಿ, ಆದ್ರ ನಿಮ್ಮ ಆಪ್ ಅದನ್ನ ಓದಬೇಕಲ್ಲ. ಅಲ್ಲಿ ತನಕ ಟೂಲಿಗೆ ಆಗದ್ದನ್ನ ಆಗಂಗಿಲ್ಲ ಅಂತ ವಿವರಣೆಯೊಳಗ ಬರೀರಿ: "ಅಮಾವಾಸ್ಯೆ, ಹುಣ್ಣಿಮೆಗೆ ಮರುಕಳಿಸುವ ಕೆಲಸ ಹಾಕಲು ಬರುವುದಿಲ್ಲ. ಮುಂದಿನ ಒಂದು ತಾರೀಖು ಕೇಳಿ ಅದಕ್ಕೆ ಮಾತ್ರ ಹಾಕು." ಸುಳ್ಳು ತಾರೀಖಿಗಿಂತ ಅದು ಲೇಸು.

ಇಲ್ಲಂದ್ರ ಪಂಚಾಂಗ ನೋಡಿ ವರ್ಷದ ಎಲ್ಲಾ ಅಮಾಸಿ ತಾರೀಖು ಒಂದು ಕೋಷ್ಟಕದಾಗ ಹಾಕಿ "ಅಮಾಸಿ_ಯಾವಾಗ" ಅಂತ ಒಂದು ಟೂಲ್ ಮಾಡ್ರಿ. ಹನ್ನೆರಡು ಹದಿಮೂರು ಸಾಲು, ಅಷ್ಟ.

ತ್ವಾಟದ_ಹುಡುಗ (ಹನ್ನೊಂದು ದಿನದ ಮ್ಯಾಲ)

ಏನಾತು ಅಂತ ಹೇಳಲಿಕ್ಕ ಬಂದೆ.

ಕ್ಲಿಯರ್_ಲಿಸ್ಟ್ ಕಿತ್ತು ಒಗದೆ. ಡಿಲೀಟ್ ಮಾಡಿದ್ದು ಮೂವತ್ತು ದಿನ ಉಳೀತದ. ಹೆಸರೂ ಬದಲು ಮಾಡಿದೆ, ಲಿಸ್ಟ್_ಟಾಸ್ಕ್ಸ್ ಈಗ "ಪಟ್ಟಿ_ಓದು". ಅಕ್ಕೋರ ಆಡ್_ಟಾಸ್ಕ್ ವಿವರಣೆ ಹಂಗ ಇಟ್ಟೀನಿ, ಒಂದು ಅಕ್ಷರ ಮುಟ್ಟಿಲ್ಲ. ಕಾಕಾನ ಜೋಡಿ ವಾರಪೂರ್ತಿ ಸಂಜಿಕೆ ಕುಂತು ಮಾತು ಕೂಡಿಸಿದ್ವಿ. ಅವರಿಗೇ ಹುರುಪು ಬಂತು, "ಇದನ್ನೂ ಕೇಳಿ ನೋಡು, ಇದಕ್ಕೇನಂತದ ನೋಡು" ಅಂತ ತಾವ ಮಾತು ಹುಡುಕಿ ಕೊಟ್ರು. "ಬಾವಿ ಮೋಟರ್ ತಗಿ" ಅಂದ್ರ ಮೋಟರ್ ಎತ್ತಿಸೋ ಕೆಲಸ, ಅದು ಪಟ್ಟಿಗೆ ಸೇರಬೇಕು ಅಂತ ಅವರ ಹೇಳಿದ್ದು. ನನಗ ಅದು ಹೊಳದೇ ಇದ್ದಿಲ್ಲ.

ನಿನ್ನಿ ಮುಂಜಾನಿ ನಾಕು ನಲವತ್ತಕ್ಕ ನಾನು ಹಾಸಿಗ್ಯಾಗಿದ್ದೆ, ಪಡಸಾಲ್ಯಾಗ ಕಾಕಾನ ದನಿ ಕೇಳಿತು: "ಇವತ್ತಿನ ಪಟ್ಟಿ ತಗಿಯಪಾ." ಫೋನು ಓದಲಿಕ್ಕ ಸುರು ಮಾಡ್ತು. ಒಂದು, ಶೆಡ್ಡಿನ ಜಾಳಿಗಿ. ಎರಡು, ಕ್ರೇಟ್ ಎಣಿಸೂದು. ದಿನಾನೂ ಸರಿ ಇತ್ತು.

ಅಮಾಸಿ ಟೂಲ್ ಇನ್ನೂ ಮಾಡಿಲ್ಲ. ನಸಿಕಿನ ಅಣ್ಣಾ, ನೀವು ಮಾಡಿದ್ರ ಆ ಕೋಷ್ಟಕ ಕಳಸ್ತೀರೇನ್ರಿ?

ನಸಿಕಿನ_ಐದು

ಕಳಸ್ತೀನಿ ತಮ್ಮಾ. ಪಂಚಾಂಗದ ಜೋಡಿ ಎರಡು ಸಲ ತಾಳೆ ನೋಡಿ ಕಳಸ್ತೀನಿ, ಅಮಾಸಿ ಎರಡು ದಿನಕ್ಕ ಹಂಚಿದ್ರ ಯಾವುದು ಹಿಡೀಬೇಕು ಅಂತ ನಮ್ಮ ಊರ ಐನೋರನ್ನ ಕೇಳಬೇಕು.

ಖಾನಾವಳಿ_ಮಗಳು

ಕಾಕಾರು ನೋಟಬುಕ್ಕು ಬಿಟ್ರೇನು?

ತ್ವಾಟದ_ಹುಡುಗ

ಇಲ್ಲರೀ ಅಕ್ಕಾ. ಎಣ್ಣಿ ಹೊಡದ ತಾರೀಖು ಮಾತ್ರ ಇನ್ನೂ ಅದರಾಗ ಬರೀತಾರ. ನಾನೂ ಬಿಡ್ರಿ ಅಂತ ಹೇಳಿಲ್ಲ.